ಬುದ್ಧಿಯ ಸೇರು, ಪಾವು

ಕನ್ನಡದಲ್ಲಿ ‘ಬುದ್ಧಿ’ ಎಂಬ ಮಾತು ಮಾಡುವಷ್ಟು ಕೆಲಸವನ್ನು ಬೇರೆ ಮಾತುಗಳು ಮಾಡುವುದು ಕಡಮೆ. ಮಗು ತುಂಟತನ ಮಾಡಿದರೆ ಅದಕ್ಕೆ ಬುದ್ಧಿ ಹೇಳುತ್ತೇವೆ. ಪೆಟ್ಟು ತಿಂದವನಿಗೆ ಬುದ್ಧಿ ಬರುತ್ತದೆ. ಸಿಟ್ಟಿನಲ್ಲಿ ಬುದ್ಧಿ ಕೆಡುತ್ತದೆ, ಮುಪ್ಪಿನಲ್ಲಿ ಮಂಕಾಗುತ್ತದೆ. ಲೆಕ್ಕವನ್ನು ಥಟ್ಟನೆ ಬಿಡಿಸುವ ಹುಡುಗನೂ ಬುದ್ಧಿವಂತನೇ. ಅಣ್ಣತಮ್ಮಂದಿರ ಜಗಳವನ್ನು ನಯವಾಗಿ ಬಗೆಹರಿಸುವ ಮುದುಕಿಯೂ ಬುದ್ಧಿವಂತೆಯೇ. ಇವೆಲ್ಲಕ್ಕಿಂತ ವಿಚಿತ್ರವಾದ ಇನ್ನೊಂದು ಬಳಕೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿತ್ತು. ಪೂರ್ತಿ ಅಳಿದುಹೋಗಿದೆ ಎನ್ನಲಾರೆ. ಹೊಲದಲ್ಲಿ ಕೂಲಿ ಮಾಡುವವನು ಒಡೆಯನನ್ನು ಕಂಡರೆ ಕೈಮುಗಿದು ‘ಬುದ್ಧೀ’ ಎನ್ನುತ್ತಿದ್ದ. ‘ಹೂಂ ಬುದ್ಧಿ’, ‘ಆಗಲಿ ಬುದ್ಧಿ’. ಮಠದ ಸ್ವಾಮಿಗಳನ್ನೂ ಹೀಗೆ ಕರೆಯುವುದುಂಟು. ಅಲ್ಲಿ ಅದು ಭಕ್ತಿಯ ಮಾತು. ಹೊಲದ ಬದುವಿನ ಬಳಿ ಅದರ ಅರ್ಥ ಬೇರೆ. ಬುದ್ಧಿ ಬದುವಿನ ಮೇಲೆ ನಿಂತಿದೆ, ಕೆಸರಿನಲ್ಲಿ ನಿಂತಿರುವುದು ಬರಿಯ ಮೈ ಎಂಬ ಒಂದು ಸಿದ್ಧಾಂತವೇ ಆ ಎರಡಕ್ಷರದೊಳಗೆ ಅಡಗಿತ್ತು. ಯಾವ ಹದದಲ್ಲಿ ಬಿತ್ತಬೇಕು, ಯಾವ ಎತ್ತಿಗೆ ಯಾವ ಬೇನೆ ಎಂಬುದನ್ನು ಬಲ್ಲವನು ಕೆಸರಿನಲ್ಲಿದ್ದವನೇ. ಆದರೂ ಆ ಹೆಸರು ಸಂದದ್ದು ಬದುವಿನ ಮೇಲಿದ್ದವನಿಗೆ.

ಮನುಷ್ಯರ ಮಾನಸಿಕ ಶಕ್ತಿಗಳಲ್ಲಿ ತಾರತಮ್ಯ ಉಂಟೆ? ವ್ಯಕ್ತಿ ವ್ಯಕ್ತಿಗಳ ನಡುವೆ ಇರುವಂತೆ ಗುಂಪು ಗುಂಪುಗಳ ನಡುವೆಯೂ ಉಂಟೆ? ಇದ್ದಲ್ಲಿ ಅದರಿಂದ ನಾವು ಏನನ್ನು ನಿರ್ಣಯಿಸಬಹುದು, ಏನನ್ನು ನಿರ್ಣಯಿಸಬಾರದು? ಈ ಮೂರೂ ಬೇರೆ ಬೇರೆ ಪ್ರಶ್ನೆಗಳು. ವಾದದ ಬಿಸಿಯಲ್ಲಿ ಮೂರನ್ನೂ ಸೇರಿಸಿ ಒಂದೇ ಗಂಟು ಕಟ್ಟಿಬಿಡುತ್ತೇವೆ. ಆಮೇಲೆ ಗಂಟನ್ನು ಹೊತ್ತವರದು ಒಂದು ಪಕ್ಷ, ಒದ್ದವರದು ಇನ್ನೊಂದು ಪಕ್ಷ. ಆ ಗಂಟನ್ನು ಕೊಂಚ ಬಿಚ್ಚಿ ನೋಡೋಣವೆಂಬುದಷ್ಟೇ ಇಲ್ಲಿಯ ಪ್ರಯತ್ನ.

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಲು ಶಾಸ್ತ್ರ ಬೇಕಿಲ್ಲ. ಕಾಲೇಜಿನಲ್ಲಿ ಹಲವು ವರ್ಷ ಕನ್ನಡ ಪಾಠ ಹೇಳಿದ ನನ್ನಂಥವನಿಗೆ ಅದು ದಿನದ ಅನುಭವ. ಕಂದಪದ್ಯದ ಮಾತ್ರಾಗಣಗಳನ್ನು ಕರಿಹಲಗೆಯ ಮೇಲೆ ಬಿಡಿಸುತ್ತಿರುವಾಗಲೇ ಒಬ್ಬಳ ಕಿವಿಗೆ ಅದರ ನಡೆ ಹತ್ತಿಬಿಡುತ್ತದೆ. ಗಣ ತಪ್ಪಿದ ಪಾದವನ್ನು ಓದಿದರೆ ಲೆಕ್ಕ ಹಾಕುವ ಮೊದಲೇ ಅವಳ ಮುಖ ಸಿಂಡರಿಸುತ್ತದೆ. ಪಕ್ಕದ ಬೆಂಚಿನವನಿಗೆ ಲಘು ಗುರು ಗುರುತಿಸಲು ನಾಲ್ಕು ದಿನ ಬೇಕು. ಇವರಿಬ್ಬರೂ ಒಂದೇ ಊರಿನವರು, ಒಂದೇ ಶಾಲೆಯಿಂದ ಬಂದವರು, ಕೆಲವು ವೇಳೆ ಒಂದೇ ಮನೆಯವರು. ನಾಲ್ಕು ದಿನ ಬೇಕಾದವನಿಗೆ ದೇವರು ಬೇರೆ ಯಾವುದೋ ವರವನ್ನು ಕೊಟ್ಟು ಲೆಕ್ಕ ಸರಿದೂಗಿಸಿರುತ್ತಾನೆ ಎಂಬ ಸಮಾಧಾನ ಕೇಳಲು ಹಿತ, ಯಾವಾಗಲೂ ನಿಜವಲ್ಲ. ಕೆಲವರಿಗೆ ಲೆಕ್ಕವೂ ಬರುತ್ತದೆ, ಹಾಡೂ ಬರುತ್ತದೆ, ಮಾತೂ ಬರುತ್ತದೆ. ಕೆಲವರಿಗೆ ಎಲ್ಲದರಲ್ಲೂ ಸಾಧಾರಣ. ಈ ಸತ್ಯವನ್ನು ಮುಚ್ಚಿಟ್ಟು ಸಮಾನತೆಯನ್ನು ಕಟ್ಟಹೊರಟರೆ ಗೋಡೆ ಮೊದಲ ಮಳೆಗೇ ಕುಸಿಯುತ್ತದೆ.

ತಾರತಮ್ಯ ಇದೆ ಎಂಬುದು ಎಲ್ಲ ಕಾಲದ ತಿಳಿವಳಿಕೆ. ಅದನ್ನು ಸೇರು ಪಾವುಗಳಲ್ಲಿ ಅಳೆದು ಅಂಕೆಯಲ್ಲಿ ಹೇಳಬಹುದೆಂಬುದು ಮಾತ್ರ ತೀರ ಈಚಿನದು. ಡಾರ್ವಿನ್ನನ ದಾಯಾದಿ ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ಪಂಡಿತ 1869ರಲ್ಲಿ ಪ್ರತಿಭೆ ವಂಶಪಾರಂಪರ್ಯವಾಗಿ ಬರುತ್ತದೆಂದು ಗ್ರಂಥ ಬರೆದ. ನ್ಯಾಯಾಧೀಶರ ಮನೆಯಲ್ಲಿ ನ್ಯಾಯಾಧೀಶರು ಹುಟ್ಟುವುದನ್ನು ಆತ ಲೆಕ್ಕ ಹಾಕಿ ತೋರಿಸಿದ. ನ್ಯಾಯಾಧೀಶರ ಮನೆಯಲ್ಲಿ ರಕ್ತದ ಜೊತೆಗೆ ಪುಸ್ತಕದ ಬೀರುವೂ ಪರಿಚಯದ ಪತ್ರಗಳೂ ಮಕ್ಕಳಿಗೆ ಇಳಿದು ಬರುತ್ತವೆ ಎಂಬ ಸಂಗತಿಗೆ ಆತ ಹೆಚ್ಚು ಬೆಲೆ ಕೊಡಲಿಲ್ಲ. ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಿ ಉಳಿದವರನ್ನು ಕಡಮೆ ಮಾಡಬೇಕೆಂಬ ವಿಚಾರಕ್ಕೆ 1883ರಲ್ಲಿ ‘ಯುಜೆನಿಕ್ಸ್’ ಎಂದು ಹೆಸರಿಟ್ಟವನೂ ಅವನೇ.

ನಿಜವಾಗಿ ಕೆಲಸಕ್ಕೆ ಬರುವ ಅಳತೆಗೋಲು ಸಿದ್ಧವಾದದ್ದು ಫ್ರಾನ್ಸಿನಲ್ಲಿ, ಅದೂ ಬೇರೆಯೇ ಉದ್ದೇಶದಿಂದ. ತರಗತಿಯ ಜೊತೆಗೆ ಹೆಜ್ಜೆ ಹಾಕಲಾರದ ಮಕ್ಕಳಿಗೆ ಏನು ಮಾಡಬೇಕೆಂದು ಯೋಚಿಸಲು ಅಲ್ಲಿಯ ಸರ್ಕಾರ 1904ರಲ್ಲಿ ಒಂದು ಮಂಡಲಿಯನ್ನು ನೇಮಿಸಿತು. ಅದರಲ್ಲಿ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞನಿದ್ದ. ಉಪಾಧ್ಯಾಯರ ಮಾತನ್ನೇ ನಂಬಿ ಮಕ್ಕಳನ್ನು ಬೇರ್ಪಡಿಸಿದರೆ ತಂಟೆಕೋರನೂ ದಡ್ಡನ ಪಟ್ಟಿಗೆ ಸೇರುತ್ತಾನೆ, ಶ್ರೀಮಂತನ ದಡ್ಡ ಮಗ ಜಾಣರ ಪಟ್ಟಿಯಲ್ಲೇ ಉಳಿಯುತ್ತಾನೆ. ಆದ್ದರಿಂದ ಯಾರು ಕೇಳಿದರೂ ಒಂದೇ ಬಗೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಬೇಕು. ಬಿನೆ ತನ್ನ ಜೊತೆಗಾರ ಸಿಮೋನನೊಡನೆ 1905ರಲ್ಲಿ ಸುಲಭದಿಂದ ಕಷ್ಟಕ್ಕೆ ಏರುವ 30 ಸಣ್ಣ ಕೆಲಸಗಳ ಪರೀಕ್ಷೆಯನ್ನು ಸಿದ್ಧಪಡಿಸಿದ. 1908ರ ಪರಿಷ್ಕರಣದಲ್ಲಿ ‘ಮಾನಸಿಕ ವಯಸ್ಸು’ ಎಂಬ ಕಲ್ಪನೆ ಬಂತು. ಎಂಟು ವರ್ಷದ ಮಗು ಆರು ವರ್ಷದವರ ಪ್ರಶ್ನೆಗಳಿಗಷ್ಟೇ ಉತ್ತರ ಕೊಟ್ಟರೆ ಅದಕ್ಕೆ ಹೆಚ್ಚಿನ ನೆರವು ಬೇಕೆಂದು ಅರ್ಥ. ಅಷ್ಟೇ. ಬುದ್ಧಿ ಹುಟ್ಟಿನಲ್ಲೇ ಗೊತ್ತಾದ ಒಂದು ಮೊತ್ತ, ಅದನ್ನು ಯಾವುದರಿಂದಲೂ ಹೆಚ್ಚಿಸಲಾಗದು ಎನ್ನುತ್ತಿದ್ದವರ ನಿರಾಶಾವಾದವನ್ನು ಬಿನೆ ಕಟುವಾಗಿಯೇ ಖಂಡಿಸಿದ. ಹಿಂದುಳಿದ ಮಕ್ಕಳ ಗಮನವನ್ನೂ ನೆನಪನ್ನೂ ಬೆಳೆಸುವ ಅಭ್ಯಾಸಗಳನ್ನು ತಾನೇ ರೂಪಿಸಿದ. 1911ರಲ್ಲಿ ತೀರಿಕೊಂಡ. ತಾನು ಮಾಡಿಟ್ಟ ಕೋಲು ಮುಂದೆ ಯಾರ ಕೈಗೆ ಹೋಗಿ ಏನಾಯಿತೆಂಬುದನ್ನು ನೋಡುವ ದುರದೃಷ್ಟ ಆತನಿಗೆ ಬರಲಿಲ್ಲ.

ಕೋಲು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಬಿನೆಯ ಪರೀಕ್ಷೆಯನ್ನು ಅಮೆರಿಕಕ್ಕೆ ತಂದ ಹೆನ್ರಿ ಗಾಡರ್ಡ್, 1913ರಲ್ಲಿ ತನ್ನ ಸಹಾಯಕರನ್ನು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪಕ್ಕೆ ಕಳುಹಿಸಿದ. ಯೂರೋಪಿನಿಂದ ಹಡಗಿನ ಅಡಿಯ ದರ್ಜೆಯಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ, ಬೆದರಿ, ಬಳಲಿ, ಭಾಷೆ ತಿಳಿಯದೆ ನಿಂತವರಲ್ಲಿ ಕೆಲವರನ್ನು ಆರಿಸಿ ದುಭಾಷಿಗಳ ಮೂಲಕ ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದ ಯೆಹೂದ್ಯರು, ಇಟಲಿಯವರು, ಹಂಗೆರಿಯವರು, ರಷ್ಯದವರಲ್ಲಿ ಐವರಿಗೆ ಸುಮಾರು ನಾಲ್ವರು ಮಂದಬುದ್ಧಿಯವರೆಂದು ಫಲಿತಾಂಶ ಬಂತು. ಒಂದು ತಕ್ಕಡಿಯಲ್ಲಿ ಇಡೀ ಊರಿನವರ ತೂಕ ಅರ್ಧವಾಗಿ ಬಂದರೆ ನಮ್ಮ ಸಂತೆಯ ವ್ಯಾಪಾರಿ ಮೊದಲು ತಕ್ಕಡಿಯನ್ನು ಪರೀಕ್ಷಿಸುತ್ತಾನೆ. ಇಲ್ಲಿ ತಕ್ಕಡಿಯ ಮೇಲೆ ಸಂದೇಹ ಹುಟ್ಟಿದ್ದು ಬಹಳ ತಡವಾಗಿ.

ಇಲ್ಲೊಂದು ಕಾಲದ ಹೊಂದಿಕೆಯನ್ನು ಗಮನಿಸಬೇಕು. ಎಲಿಸ್ ದ್ವೀಪದಲ್ಲಿ ಜನಾಂಗಗಳ ಬುದ್ಧಿಯನ್ನು ತೂಗುತ್ತಿದ್ದ 1913ರಲ್ಲೇ, ಅದೇ ನ್ಯೂಯಾರ್ಕಿಗೆ, ಬಡೋದೆಯ ವಿದ್ಯಾರ್ಥಿವೇತನ ಪಡೆದ ಒಬ್ಬ ಭಾರತೀಯ ತರುಣ ಬಂದಿಳಿದ. ಕೊಲಂಬಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ 1916ರಲ್ಲಿ ಭಾರತದ ಜಾತಿಗಳ ಹುಟ್ಟಿನ ವಿಷಯವಾಗಿ ಪ್ರಬಂಧವನ್ನು ಓದಿದ. ಆತ ಭೀಮರಾವ್ ಅಂಬೇಡ್ಕರ್. ಆತ ಹುಟ್ಟಿದ ಸಮುದಾಯಕ್ಕೆ ಅಕ್ಷರದ ಬಾಗಿಲು ತಲೆತಲಾಂತರದಿಂದ ಮುಚ್ಚಿತ್ತು. ಆ ಸಮುದಾಯದ ಸರಾಸರಿಯನ್ನು ಅಂದು ಯಾರಾದರೂ ಅಳೆದಿದ್ದರೆ ಯಾವ ಅಂಕಿ ಬರುತ್ತಿತ್ತು? ಆ ಅಂಕಿಯನ್ನು ಹಿಡಿದು ಒಬ್ಬ ಅಧಿಕಾರಿ ಈ ತರುಣನ ಅರ್ಜಿಯನ್ನು ನೋಡಿದ್ದರೆ? ‘ಅದು ಅಪವಾದ’ ಎನ್ನುವರು. ಸರಿಯೇ. ಆದರೆ ಬಾಗಿಲಲ್ಲಿ ನಿಂತ ಹುಡುಗ ಅಪವಾದವೋ ಅಲ್ಲವೋ ಎಂಬುದನ್ನು ಹೇಳುವ ಶಕ್ತಿ ಸರಾಸರಿಗೆ ಇಲ್ಲ. ಹುಡುಗನನ್ನು ಒಳಗೆ ಕರೆದು ನೋಡದೆ ಅದು ತಿಳಿಯುವುದಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ, 1917 ಮತ್ತು 1918ರಲ್ಲಿ, ಅಮೆರಿಕದ ಸೈನ್ಯಕ್ಕೆ ಸೇರಿದ 17 ಲಕ್ಷಕ್ಕೂ ಹೆಚ್ಚು ಜನರಿಗೆ ಬುದ್ಧಿಪರೀಕ್ಷೆ ನಡೆಯಿತು. ಪ್ರಶ್ನೆಗಳಲ್ಲಿ ಕೆಲವು ಹೀಗಿದ್ದವು: ಇಂಥ ಹೆಸರಿನ ಅಡುಗೆಯ ಕೊಬ್ಬು ಔಷಧವೋ, ಹಲ್ಲುಪುಡಿಯೋ, ಆಹಾರವೋ? ಇಂಥ ಬೇಸ್‌ಬಾಲ್ ಆಟಗಾರ ಯಾವುದಕ್ಕೆ ಪ್ರಸಿದ್ಧ? ಓದು ಬಾರದವರಿಗೆ ಚಿತ್ರದ ಪರೀಕ್ಷೆ. ಟೆನಿಸ್ ಅಂಗಳದಲ್ಲಿ ಬಲೆ ಇಲ್ಲದಿದ್ದರೆ ಅದನ್ನು ಬರೆಯಬೇಕು. ಟೆನಿಸ್ ಅಂಗಳವನ್ನೇ ಕಾಣದ ಇಟಲಿಯ ರೈತ ಏನು ಬರೆದಾನು? ಕಾರ್ಲ್ ಬ್ರಿಗಮ್ ಎಂಬ ವಿದ್ವಾಂಸ ಈ ಅಂಕಗಳನ್ನು ವಿಂಗಡಿಸಿ 1923ರಲ್ಲಿ ಪುಸ್ತಕ ಬರೆದ. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ಕಳೆದವರ ಅಂಕ ಹೆಚ್ಚು, ಐದು ವರ್ಷದೊಳಗೆ ಬಂದವರ ಅಂಕ ಕಡಮೆ ಎಂಬುದು ಅದರಲ್ಲೇ ಕಾಣುತ್ತಿತ್ತು. ದೇಶದ ಬಳಕೆಯಾದಂತೆ ಅಂಕ ಏರುತ್ತದೆಂದು ಸಾಮಾನ್ಯನಿಗೂ ಹೊಳೆಯುವ ಸಂಗತಿ. ಬ್ರಿಗಮ್ ಕಂಡ ಅರ್ಥ ಬೇರೆ: ಮೊದಲು ಒಳ್ಳೆಯ ತಳಿಯವರು ಬಂದರು, ಈಗೀಗ ಕೀಳು ತಳಿಯವರು ಬರುತ್ತಿದ್ದಾರೆ! 1924ರಲ್ಲಿ ದಕ್ಷಿಣ ಮತ್ತು ಪೂರ್ವ ಯೂರೋಪಿನವರ ವಲಸೆಯನ್ನು ಬಿಗಿಯಾಗಿ ತಡೆಯುವ ಕಾನೂನು ಆಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಆ ಕಾಲದ ವಾದಗಳಿಗೆ ಶಾಸ್ತ್ರದ ಅಂಗಿ ತೊಡಿಸಿದ್ದು ಇಂಥ ಪುಸ್ತಕಗಳೇ. ಬ್ರಿಗಮ್ ಪ್ರಾಮಾಣಿಕ ಮನುಷ್ಯ. 1930ರಲ್ಲಿ ತನ್ನ ಅಧ್ಯಯನಕ್ಕೆ ಬುನಾದಿ ಇರಲಿಲ್ಲವೆಂದು ಬಹಿರಂಗವಾಗಿ ಬರೆದ. ಆ ಹೊತ್ತಿಗೆ ಕಾನೂನಿಗೆ ಆರು ವರ್ಷವಾಗಿತ್ತು. ಪಂಡಿತ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲ. ಬಾಗಿಲು ತಾನಾಗಿ ತೆರೆಯುವುದಿಲ್ಲ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡುವವಳು ವರ್ಜೀನಿಯದ ಕ್ಯಾರಿ ಬಕ್ ಎಂಬ ಹೆಣ್ಣುಮಗಳು. ಸಾಕುಮನೆಯಲ್ಲಿದ್ದಾಗ ಆ ಮನೆಯವರ ನೆಂಟನೊಬ್ಬನ ಬಲಾತ್ಕಾರದಿಂದ ಬಸುರಾದಳು. ಮನೆಯವರು ಅವಳನ್ನು ಮಂದಬುದ್ಧಿಯವಳೆಂದು ಹೇಳಿ ಸಂಸ್ಥೆಯೊಂದಕ್ಕೆ ಸೇರಿಸಿದರು. ಅವಳ ತಾಯಿ ಆಗಲೇ ಅಲ್ಲಿದ್ದಳು. ಕೈಕೂಸನ್ನು ನೋಡಿದವರು ಅದೂ ಸರಿಯಿಲ್ಲವೆಂದರು. ಅವಳಿಗೆ ಬಲವಂತವಾಗಿ ಸಂತಾನಹರಣ ಚಿಕಿತ್ಸೆ ಮಾಡಬಹುದೇ ಎಂಬ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1927ರಲ್ಲಿ ಎಂಟು ನ್ಯಾಯಮೂರ್ತಿಗಳು ಆಗಬಹುದೆಂದರು; ಒಬ್ಬರು ಮಾತ್ರ ಒಪ್ಪಲಿಲ್ಲ. ಮೂರು ತಲೆಮಾರಿನ ದಡ್ಡರು ಸಾಕು ಎಂಬರ್ಥದ ಮಾತನ್ನು ತೀರ್ಪಿನಲ್ಲಿ ಬರೆದವರು ಆಲಿವರ್ ವೆಂಡೆಲ್ ಹೋಮ್ಸ್. ಆ ದೇಶದ ಅತ್ಯಂತ ಸುಸಂಸ್ಕೃತ ನ್ಯಾಯಾಧೀಶರಲ್ಲಿ ಒಬ್ಬರು. ಮೂರನೆಯ ತಲೆಮಾರಾದ ಆ ಮಗು ವಿವಿಯನ್ ಮುಂದೆ ಶಾಲೆಗೆ ಹೋಯಿತು. ಒಂದು ಸಲ ತರಗತಿಯ ಗೌರವಪಟ್ಟಿಯಲ್ಲಿ ಅದರ ಹೆಸರು ಬಂತು. 1932ರಲ್ಲಿ, ಎಂಟು ವರ್ಷದ ಹುಡುಗಿಯಾಗಿದ್ದಾಗ, ಕಾಯಿಲೆಯಿಂದ ತೀರಿಕೊಂಡಿತು.

ಈ ಮಗುವಿನ ಅಂಕಪಟ್ಟಿಯನ್ನು ಹಿಡಿದು ‘ನೋಡಿ, ತೀರ್ಪು ತಪ್ಪು’ ಎನ್ನುವುದು ಸುಲಭ. ಹಾಗೆನ್ನುವಾಗ ಒಂದು ಕ್ಷಣ ತಡೆಯಬೇಕು. ಮಗು ನಿಜವಾಗಿಯೂ ಮಂದಬುದ್ಧಿಯದಾಗಿದ್ದರೆ ತೀರ್ಪು ಸರಿಯಾಗುತ್ತಿತ್ತೆ? ಇಲ್ಲಿಯೇ ಇಡೀ ಪ್ರಶ್ನೆಯ ಮರ್ಮವಿದೆ. ಅದಕ್ಕೆ ಮತ್ತೆ ಬರುತ್ತೇನೆ.

ಎರಡನೆಯ ಪ್ರಶ್ನೆ, ಗುಂಪುಗಳದು. ವ್ಯಕ್ತಿಗಳ ನಡುವಣ ಬುದ್ಧಿಯ ಅಂತರದಲ್ಲಿ ಹುಟ್ಟಿನ ಪಾಲು ಸಾಕಷ್ಟಿದೆ ಎಂಬುದನ್ನು ಅವಳಿಜವಳಿಗಳ ಅಧ್ಯಯನಗಳು ತೋರಿಸಿವೆ. ಇದನ್ನು ಒಪ್ಪಿದೊಡನೆ ಗುಂಪುಗಳ ಅಂತರವೂ ಹುಟ್ಟಿನದೇ ಎಂದು ಒಪ್ಪಿದಂತಾಯಿತಲ್ಲವೆ ಎಂದು ಕೇಳುವವರುಂಟು. ಆಗಲಿಲ್ಲ. ರಿಚರ್ಡ್ ಲೆವೊಂಟಿನ್ ಎಂಬ ಜೀವಶಾಸ್ತ್ರಜ್ಞ 1970ರಲ್ಲಿ ಇದನ್ನು ಮುಸುಕಿನ ಜೋಳದ ದೃಷ್ಟಾಂತದಿಂದ ವಿವರಿಸಿದ. ನಮ್ಮ ರಾಗಿಗೆ ಅದನ್ನು ಒಗ್ಗಿಸಿ ಹೇಳುತ್ತೇನೆ. ನಾನಾ ತಳಿ ಬೆರೆತ ಒಂದು ಸೇರು ಬಿತ್ತನೆ ರಾಗಿ. ಅರ್ಧವನ್ನು ಗೊಬ್ಬರ ಹಾಕಿದ ಕೆರೆಯ ಹಿಂದಿನ ಹೊಲಕ್ಕೆ ಬಿತ್ತಿ, ಅರ್ಧವನ್ನು ಕಲ್ಲುಭೂಮಿಗೆ ಚೆಲ್ಲಿ. ಮೊದಲ ಹೊಲದಲ್ಲಿ ಒಂದು ಪೈರು ಎತ್ತರ, ಒಂದು ಗಿಡ್ಡ. ಮಣ್ಣು ಒಂದೇ ಆದ್ದರಿಂದ ಆ ಅಂತರ ಬೀಜದ್ದು. ಕಲ್ಲುಭೂಮಿಯಲ್ಲೂ ಹಾಗೆಯೇ. ಆದರೆ ಈ ಹೊಲಕ್ಕೂ ಆ ಹೊಲಕ್ಕೂ ಇರುವ ಅಂತರ? ಅದು ಪೂರ್ತಿ ಮಣ್ಣಿನದು. ಒಂದೊಂದು ಹೊಲದೊಳಗಿನ ಅಂತರಕ್ಕೆ ಬೀಜ ಕಾರಣವಾಗಿದ್ದರೂ ಹೊಲಗಳ ನಡುವಣ ಅಂತರಕ್ಕೆ ಬೀಜ ಎಳ್ಳಷ್ಟೂ ಕಾರಣವಾಗದೆ ಇರಬಹುದು. ರೈತನಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ.

ಮನುಷ್ಯರ ವಿಷಯದಲ್ಲಿ ಮಣ್ಣಿನ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಸಾಕ್ಷ್ಯಗಳಿವೆ. ನ್ಯೂಜಿಲೆಂಡಿನಲ್ಲಿ ನೆಲೆಸಿದ್ದ ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ, 1987ರಲ್ಲಿ 14 ದೇಶಗಳ ಪರೀಕ್ಷಾಫಲಗಳನ್ನು ಹೋಲಿಸಿದ. ತಲೆಮಾರಿನಿಂದ ತಲೆಮಾರಿಗೆ ಅಂಕಗಳು ಏರುತ್ತ ಬಂದಿದ್ದವು. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕ. ಮೂವತ್ತು ನಲವತ್ತು ವರ್ಷದಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಊಟ, ಮನೆಯ ಗಾತ್ರ, ಬದುಕು ಕೇಳುವ ಪ್ರಶ್ನೆಗಳು. ನಾರ್ವೆ, ಡೆನ್ಮಾರ್ಕ್‌ಗಳಂಥ ದೇಶಗಳಲ್ಲಿ ಈಚೆಗೆ ಏರಿಕೆ ನಿಂತು ಇಳಿಕೆ ಕಂಡಿದೆ. ನಾರ್ವೆಯಲ್ಲಿ ಈ ಏರಿಳಿತ ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೂ ಕಾಣುತ್ತದೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದೇ ತಾಯಿತಂದೆಯ ಮಕ್ಕಳ ನಡುವಣ ಈ ಅಂತರಕ್ಕೆ ತಳಿಯನ್ನು ಹೊಣೆ ಮಾಡುವುದು ಹೇಗೆ?

ಇನ್ನೂ ಹತ್ತಿರದ ಸಾಕ್ಷ್ಯ ಉಪ್ಪಿನದು. ಹಿಮಾಲಯದ ತಪ್ಪಲಿನ ನೀರು ಮಣ್ಣುಗಳಲ್ಲಿ ಅಯೋಡಿನ್ ಕಡಮೆ. ಅಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಅಯೋಡಿನ್ ಸಾಲದ ಗರ್ಭಿಣಿಯ ಮಗುವಿಗೆ ಮೆದುಳು ಸರಿಯಾಗಿ ಬೆಳೆಯುವುದಿಲ್ಲ. 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಸಂಗಡಿಗರೂ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿ ನೋಡಿದರು. ಕೆಲವೇ ವರ್ಷಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆ ಕಣಿವೆಗಳಿಗೆ ಮೊದಲೇ ಅಳತೆಗೋಲಿನವರು ಹೋಗಿದ್ದರೆ ‘ಬೆಟ್ಟದ ಜನ ಸ್ವಭಾವತಃ ಮಂದ’ ಎಂದು ಬರೆದುಕೊಂಡು ಬರುತ್ತಿದ್ದರು. ಅಂಕಿ ಸುಳ್ಳಾಗುತ್ತಿರಲಿಲ್ಲ, ಅದಕ್ಕೆ ಕೊಟ್ಟ ಅರ್ಥ ಸುಳ್ಳಾಗುತ್ತಿತ್ತು. ಜನಾಂಗದ ಕೊರತೆಯೆಂದು ಬಗೆದದ್ದು ಚಿಟಿಕೆ ಉಪ್ಪಿನ ಕೊರತೆಯಾಗಿತ್ತು.

ಈ ಅಳತೆಗೋಲು ನಮ್ಮ ನಾಡಿಗೂ ಬಂದಿದೆ. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ಬಿನೆಯ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಪರಿಷ್ಕರಿಸಿ 1934ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಪ್ಯಾರಿಸಿನ ಹುಡುಗನಿಗೆ ಹೊಂದುವ ಪ್ರಶ್ನೆ ಕನ್ನಡದ ಹುಡುಗನಿಗೆ ಹೊಂದದೆಂಬ ವಿವೇಕ ಅದರಲ್ಲಿತ್ತು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಆದರೆ ಗುಂಪುಗಳ ಯೋಗ್ಯತೆಯ ಪ್ರಶ್ನೆ ನಮ್ಮಲ್ಲಿ ಎದ್ದದ್ದು ಮನಶ್ಶಾಸ್ತ್ರದ ಕೊಠಡಿಯಲ್ಲಲ್ಲ, ಕಚೇರಿಯ ಪಡಸಾಲೆಯಲ್ಲಿ. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಪಾಲು ತುಂಬಿದ್ದ ಕಾಲ. ಉಳಿದ ಸಮುದಾಯಗಳಿಗೆ ತಕ್ಕ ಸ್ಥಾನ ಸಿಗುವಂತೆ ಸಲಹೆ ಮಾಡಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯನ್ನು ಬದಿಗಿಟ್ಟರೆ ಆಡಳಿತದ ದಕ್ಷತೆ ಕುಗ್ಗುತ್ತದೆಂಬುದು ಅವರ ಕಳಕಳಿ. ಅದೇ ವರ್ಷ ಅವರು ದಿವಾನಗಿರಿಯನ್ನು ಬಿಟ್ಟರು. ಅವರ ಕಳಕಳಿ ಸ್ವಾರ್ಥದ್ದಲ್ಲ. ಸೇತುವೆ ಕಟ್ಟುವವನಿಗೆ ಲೆಕ್ಕ ತಪ್ಪಬಾರದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಅರ್ಹತೆ ಎಂಬ ಬೆಳೆ ಎಲ್ಲ ಹೊಲದಲ್ಲೂ ಬಿತ್ತಿಯೇ ಇರಲಿಲ್ಲವಲ್ಲ? ಬಿತ್ತದ ಹೊಲದ ಇಳುವರಿಯನ್ನು ಬಿತ್ತಿದ ಹೊಲದ ಇಳುವರಿಗೆ ಹೋಲಿಸಿ ಮಣ್ಣನ್ನು ಬೈಯುವುದುಂಟೆ? ಅಂದಿನಿಂದ ಇಂದಿನವರೆಗೆ, ಮನೆಯಲ್ಲಿ ಯಾರೂ ಬಳಪ ಹಿಡಿಯದ ಕುಟುಂಬಗಳಿಂದ ಬಂದವರು ವೈದ್ಯರಾಗಿದ್ದಾರೆ, ನ್ಯಾಯಾಧೀಶರಾಗಿದ್ದಾರೆ, ಕನ್ನಡದ ಹೆಮ್ಮೆಯ ಲೇಖಕರಾಗಿದ್ದಾರೆ. ಬುದ್ಧಿ ಬದುವಿನ ಮೇಲಷ್ಟೇ ಬೆಳೆಯುತ್ತದೆಂಬ ಸಿದ್ಧಾಂತಕ್ಕೆ ಇದಕ್ಕಿಂತ ತಕ್ಕ ಉತ್ತರ ಬೇರೊಂದಿಲ್ಲ.

ಸೀಟುಗಳ ಜಗಳ ಅಲ್ಲಿಗೆ ಮುಗಿಯಲಿಲ್ಲ, ಮುಗಿಯುವಂಥದೂ ಅಲ್ಲ. 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಕಾಯ್ದಿರಿಸಿದಾಗ, ಬಾಲಾಜಿ ಎಂಬುವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಇಂಥ ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆ ಇರಬೇಕೆಂದಿತು. ಎಲ್ಲಿ ಗೆರೆ ಎಳೆಯಬೇಕೆಂಬುದರಲ್ಲಿ ಸಜ್ಜನರಿಗೂ ಭಿನ್ನಾಭಿಪ್ರಾಯ ಇರಬಹುದು. ನಾನು ಹೇಳಬಯಸುವುದು ಗೆರೆಯ ವಿಷಯವನ್ನಲ್ಲ, ಅದರ ಬಳಿ ನಿಂತು ನಾವಾಡುವ ಮಾತಿನ ವಿಷಯವನ್ನು. ಶಸ್ತ್ರಚಿಕಿತ್ಸೆ ಮಾಡುವವನಿಗೆ ಕೈಯಲ್ಲಿ ಕೌಶಲ ಬೇಕು, ತಲೆಯಲ್ಲಿ ವಿದ್ಯೆ ಬೇಕು. ಅದಿಲ್ಲದವನಿಗೆ ಕತ್ತಿ ಕೊಡಬೇಕೆಂದು ಯಾವ ಸಮಾನತಾವಾದಿಯೂ ಹೇಳುವುದಿಲ್ಲ. ಇದು ಕೆಲಸಕ್ಕೆ ಬೇಕಾದ ಅರ್ಹತೆ. ಇದನ್ನೇ ಎಳೆದು ಮನುಷ್ಯನ ಬೆಲೆ ಮಾಡಿಬಿಟ್ಟಾಗ ಕೇಡು ಹುಟ್ಟುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಸಾವಿರದೊಳಗೆ ಬಂದವನು ತಾನು ಲೋಕಕ್ಕೆ ಹೆಚ್ಚು ಬೇಕಾದವನೆಂದು ತಿಳಿಯುತ್ತಾನೆ. ಲಕ್ಷದಾಚೆ ನಿಂತವನು ತಾನು ಯಾರಿಗೂ ಬೇಡದವನೆಂದು ತಿಳಿಯುತ್ತಾನೆ. ಫಲಿತಾಂಶದ ದಿನ ಪತ್ರಿಕೆಯ ಮೊದಲ ಪುಟದಲ್ಲಿ ನಗುವ ಮುಖಗಳು. ಒಳಪುಟದ ಮೂಲೆಯಲ್ಲಿ ನೇಣು ಹಾಕಿಕೊಂಡ ಮಗುವಿನ ಸುದ್ದಿ. ನಾವು ಓದುವುದು ಎರಡನ್ನೂ.

ಮೇಷ್ಟರ ಸ್ಥಾನದಲ್ಲಿ ನಿಂತು ನೋಡಿದರೆ ಇದು ಇನ್ನೂ ಸ್ಪಷ್ಟ. ಮೌಲ್ಯಮಾಪನದ ಮೇಜಿನಲ್ಲಿ ನನ್ನ ಮುಂದಿರುವುದು ಉತ್ತರಪತ್ರಿಕೆ. ನಾನು ಅಂಕ ಕೊಡುವುದು ಅದಕ್ಕೆ. ತರಗತಿಯಲ್ಲಿ ನನ್ನ ಮುಂದಿರುವುದು ಹುಡುಗ. ಅಲ್ಲಿ ನಾನು ಕೊಡಬೇಕಾದದ್ದು ಪಾಠ. ಪತ್ರಿಕೆಗೆ 34 ಅಂಕ ಕೊಡುವುದು ಅನ್ಯಾಯವಲ್ಲ. ಅದು 34ಕ್ಕೇ ತಕ್ಕದ್ದಾದರೆ 60 ಕೊಡುವುದು ಮೋಸ. ಆದರೆ ಮಾರನೆಯ ದಿನ ಆ ಹುಡುಗನನ್ನು ‘34’ ಎಂದು ಕಂಡರೆ, ಅಥವಾ ಅವನ ಹೆಸರಿನ ಕೊನೆಯ ಭಾಗವನ್ನು ನೋಡಿ ‘ಇವರೆಲ್ಲ ಇಷ್ಟೇ’ ಎಂದುಕೊಂಡರೆ, ಆ ಗಳಿಗೆಯಲ್ಲಿ ನಾನು ಮೇಷ್ಟರ ಕೆಲಸ ಬಿಟ್ಟು ಎಲಿಸ್ ದ್ವೀಪದ ಕೆಲಸಕ್ಕೆ ಸೇರಿದಂತೆ. ಹುಡುಗರು ಇದನ್ನು ಮಾತಿಲ್ಲದೆ ಗ್ರಹಿಸುತ್ತಾರೆ. ಮೇಷ್ಟರ ಕಣ್ಣು ತನ್ನ ಬೆಂಚನ್ನು ದಾಟಿ ಹೋಗುವುದನ್ನು ಕಂಡವನು ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ, ಕೇಳದವನು ಕಲಿಯುವುದಿಲ್ಲ, ಕೊನೆಗೆ ಮೇಷ್ಟರ ಊಹೆಯೇ ನಿಜವಾಗುತ್ತದೆ.

ಈಗ ಕ್ಯಾರಿ ಬಕ್ಕಳ ಮಗುವಿನ ಬಳಿ ಬಿಟ್ಟ ಮಾತಿಗೆ ಬರೋಣ. ಗುಂಪುಗಳ ನಡುವೆ ಹುಟ್ಟಿನ ತಾರತಮ್ಯ ಇದೆಯೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಇದೆಯೆಂದವರ ಆಧಾರಗಳು ಒಂದೊಂದಾಗಿ ಬಿದ್ದುಹೋದ ಚರಿತ್ರೆ ಮೇಲೆ ಕಂಡದ್ದು. ಆದರೆ ನಮ್ಮ ಸಮಾನತೆಯನ್ನು ಈ ಶೋಧದ ಮೇಲೆ ನಿಲ್ಲಿಸುವುದು ಸರಿಯಲ್ಲ. ನಾಳೆ ಯಾವನೋ ಒಬ್ಬ ಒಂದು ಅಂತರವನ್ನು ಕಂಡುಹಿಡಿದನೆಂದು ಇಟ್ಟುಕೊಳ್ಳೋಣ. ಅದರಿಂದ ಯಾರ ಕೂಲಿ ಕಡಮೆಯಾಗಬೇಕು? ಯಾರು ಯಾರಿಗೆ ಕೈಮುಗಿಯಬೇಕು? ಒಂದೇ ಮನೆಯಲ್ಲಿ ಹುಟ್ಟಿದ ಜಾಣ ಮಗನಿಗೂ ಮಂದ ಮಗನಿಗೂ ತಾಯಿ ಬಡಿಸುವಾಗ ಸೌಟಿನಲ್ಲಿ ವ್ಯತ್ಯಾಸ ಮಾಡುವುದಿಲ್ಲ. ಮಾಡಿದರೆ ಅವಳನ್ನು ತಾಯಿ ಎನ್ನುವುದಿಲ್ಲ. ಇಬ್ಬರೂ ಸಮಾನ ಬುದ್ಧಿವಂತರೆಂಬ ಭ್ರಮೆಯಿಂದ ಅವಳು ಹಾಗೆ ಮಾಡುವುದಲ್ಲ. ಇಬ್ಬರ ಹಸಿವೂ ಹಸಿವೆಂದು ಬಲ್ಲದ್ದರಿಂದ ಮಾಡುತ್ತಾಳೆ. ನೋವು, ಅವಮಾನ, ಮಕ್ಕಳ ಮೇಲಿನ ಆಸೆ, ತನ್ನ ಬದುಕು ತನ್ನ ಕೈಯಲ್ಲಿರಬೇಕೆಂಬ ಹಂಬಲ ಇವಾವುವೂ ಬುದ್ಧಿಯ ಅಂಕಕ್ಕೆ ತಕ್ಕಂತೆ ಹೆಚ್ಚು ಕಡಮೆಯಾಗುವುದಿಲ್ಲ. ಕ್ಯಾರಿ ಬಕ್ಕಳಿಗೆ ಮಾಡಿದ ಅನ್ಯಾಯ ಅವಳು ದಡ್ಡಳಾಗಿದ್ದರೂ ಅಷ್ಟೇ ಅನ್ಯಾಯ.

‘ಅವಕಾಶ ಕೊಟ್ಟರೆ ಎಲ್ಲರೂ ಮುಂದೆ ಬರುತ್ತಾರೆ’ ಎನ್ನುವ ನಮ್ಮ ಒಳ್ಳೆಯ ಮಾತು ಒಬ್ಬರನ್ನು ಮರೆತುಬಿಡುತ್ತದೆ: ಎಷ್ಟು ಅವಕಾಶ ಕೊಟ್ಟರೂ ಮುಂದೆ ಬರಲಾರದ ಮಗುವನ್ನು. ಅಂಥ ಮಕ್ಕಳು ಎಲ್ಲ ಜಾತಿಯಲ್ಲಿ, ಎಲ್ಲ ದೇಶದಲ್ಲಿ, ಪಂಡಿತರ ಮನೆಯಲ್ಲೂ ಇದ್ದಾರೆ. ಹಿಂದೆ ಅವರನ್ನು ನಡುಮನೆಯ ಹಿಂದಿನ ಕೋಣೆಯಲ್ಲಿ ಇಡುತ್ತಿದ್ದರು. ನೆಂಟರು ಬಂದರೆ ಬಾಗಿಲು ಮುಚ್ಚುತ್ತಿದ್ದರು. ಈಗ 2016ರ ಕಾನೂನು ಅವರಿಗೆ ಹಕ್ಕುಗಳನ್ನು ಕೊಟ್ಟಿದೆ. ಆ ಹಕ್ಕನ್ನು ಪಡೆಯಲು ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಬುದ್ಧಿಯ ಅಳತೆ ಬೇಕು. ಅಲ್ಲಿ ಬಿನೆಯ ಕೋಲು, ಕನ್ನಡದ ಮಾತು ಕಲಿತು, ಮತ್ತೆ ತನ್ನ ಮೊದಲ ಕೆಲಸಕ್ಕೆ ಬರುತ್ತದೆ. ಈ ಕೋಲು ಬಹಳ ಹಳೆಯದಾಯಿತೆಂದು ಬಲ್ಲವರ ಆಕ್ಷೇಪಣೆಯಿದೆ. ಹಳೆಯ ಕೋಲಿನಲ್ಲಿ ಅಳೆದರೆ ಅಂಕ ಇರುವುದಕ್ಕಿಂತ ಹೆಚ್ಚಾಗಿ ಬಂದು, ನೆರವು ಬೇಕಾದ ಮಗುವಿಗೇ ನೆರವು ತಪ್ಪಬಹುದು. ಅದನ್ನು ಸರಿಪಡಿಸುವುದು ವಿದ್ವಾಂಸರು ಮಾಡಬೇಕಾದ ಒಳ್ಳೆಯ ಕೆಲಸ. ಅಳತೆ ಬೇಡವೆಂದಲ್ಲ, ನಿಖರವಾದ ಅಳತೆ ಬೇಕೇ ಬೇಕು.

ಒಂದು ಮಗುವನ್ನು ಅಳೆಯಲು ಕೋಲು ಎತ್ತಿದವರನ್ನು ನಾವು ಕೇಳಬಹುದಾದ ಪ್ರಶ್ನೆ ಒಂದೇ: ಅಂಕಿ ಬಂದ ಮೇಲೆ ಇವನಿಗೆ ಏನು ಕೊಡುತ್ತೀರಿ? ಅದಕ್ಕೆ ಉತ್ತರವಿದ್ದರೆ ಅಳೆಯಲಿ. ಇಲ್ಲದಿದ್ದರೆ ಕೋಲನ್ನು ಕೆಳಗಿಟ್ಟು, ಮಗುವಿನ ಪಕ್ಕದಲ್ಲಿ ಕುಳಿತು, ನಾಲ್ಕನೆಯ ದಿನವೂ ಲಘು ಗುರುವನ್ನು ಮೊದಲಿನಿಂದ ಹೇಳಿಕೊಡಲಿ.